ಪ್ರಯಾಣಿಕ ಕಾರುಗಳ ಸಿಂಥೆಟಿಕ್ ಇಂಜಿನ್ ಆಯಿಲ್: ಸ್ನಿಗ್ಧತಾ ಶ್ರೇಣಿಗಳ ತುಲನೆ ಹಾಗೂ ಗ್ರಾಹಕರಿಗೆ ಮಾಹಿತಿ

(ಸಾರ್ವಜನಿಕರ ಅವಗಾಹನೆಗಾಗಿ)

1. ಪೀಠಿಕೆ

ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆ ಹೋಬಳಿಯಲ್ಲಿ ಸ್ವಂತ ಉಪಯೋಗದ ಕಾರುಗಳೊಂದಿಗೆ ಬಾಡಿಗೆ ಕಾರುಗಳೂ ಇರುತ್ತವೆ. ಇವುಗಳಲ್ಲಿ ಕೆಲವು ಪ್ರತಿದಿನ ಹೊಸಕೋಟೆ, ದೇವನಹಳ್ಳಿ ಮತ್ತು ವಿಮಾನ ನಿಲ್ದಾಣದ ಕಡೆಗೆ ಸಂಚರಿಸುತ್ತವೆ. ಮತ್ತೆ ಕೆಲವು ಊರೊಳಗಿನ ಶಾಲೆ, ಸಂತೆ, ತೋಟಗಳಿಗಷ್ಟೇ ಸೀಮಿತವಾಗಿರುತ್ತವೆ. ಬಹುಪಾಲು ಮಾಲೀಕರು ಕಾರನ್ನು ಸಾಲದ ಮೇಲೆ ಖರೀದಿಸಿರುತ್ತಾರೆ. ಇಂಜಿನ್ ಕೆಟ್ಟಲ್ಲಿ ದುರಸ್ತಿಯ ವೆಚ್ಚ ಹಾಗೂ ಸಾಲದ ಕಂತು ಎರಡನ್ನೂ ಒಮ್ಮೆಲೇ ಭರಿಸಬೇಕಾಗುತ್ತದೆ.

ಇಂಜಿನ್ ಆಯಿಲ್ ಬದಲಾಯಿಸುವ ಸಂದರ್ಭದಲ್ಲಿ ಎರಡು ಮಾತುಗಳು ಸಾಮಾನ್ಯವಾಗಿ ಕೇಳಿಬರುತ್ತವೆ. "ನಮ್ಮ ಬಿಸಿಲಿಗೆ ಗಟ್ಟಿ ಆಯಿಲ್ಲೇ ಬೇಕು" ಎಂಬುದು ಮೊದಲನೆಯದು. "ಸಿಂಥೆಟಿಕ್ ಹಾಕಿಸಿದರೆ ಸಾಕು, ನಂಬರ್ ಯಾವುದಾದರೂ ನಡೆಯುತ್ತದೆ" ಎಂಬುದು ಎರಡನೆಯದು. ಈ ಎರಡೂ ಮಾತುಗಳನ್ನು ಪೂರ್ಣವಾಗಿ ನಂಬುವಂತಿಲ್ಲ. ಡಬ್ಬಿಯ ಮೇಲೆ ಮುದ್ರಿತವಾಗಿರುವ ಮಾಹಿತಿಯನ್ನು ಗ್ರಾಹಕರು ಸ್ವತಃ ಓದಿ ಅರ್ಥ ಮಾಡಿಕೊಂಡು, ತಮ್ಮ ವಾಹನಕ್ಕೆ ಸೂಕ್ತವಾದುದನ್ನು ಮಾತ್ರ ಖರೀದಿಸಲು ಅನುಕೂಲವಾಗುವಂತೆ ಈ ಲೇಖನವನ್ನು ಸಿದ್ಧಪಡಿಸಲಾಗಿದೆ. ಇಲ್ಲಿ ಯಾವುದೇ ತಯಾರಿಕಾ ಸಂಸ್ಥೆಯ ಉತ್ಪನ್ನವನ್ನು ಶಿಫಾರಸು ಮಾಡಿರುವುದಿಲ್ಲ.

2. ಡಬ್ಬಿಯ ಮೇಲಿನ ಮೂರು ಪ್ರತ್ಯೇಕ ಮಾಹಿತಿಗಳು

ಇಂಜಿನ್ ಆಯಿಲ್ ಡಬ್ಬಿಯ ಮೇಲೆ ಕೆಳಕಂಡ ಮೂರು ವಿಷಯಗಳು ನಮೂದಾಗಿರುತ್ತವೆ. ಇವುಗಳಲ್ಲಿ ಒಂದು ಮತ್ತೊಂದಕ್ಕೆ ಬದಲಿಯಲ್ಲ.

ಅ) ತಯಾರಿಕೆಯ ಮೂಲ: ಮಿನರಲ್, ಸೆಮಿ-ಸಿಂಥೆಟಿಕ್ ಅಥವಾ ಸಿಂಥೆಟಿಕ್.
ಆ) ಸ್ನಿಗ್ಧತಾ ಶ್ರೇಣಿ, ಅಂದರೆ ಗ್ರೇಡ್: 0ಡಬ್ಲ್ಯೂ-20, 5ಡಬ್ಲ್ಯೂ-30, 15ಡಬ್ಲ್ಯೂ-40 ಇತ್ಯಾದಿ.
ಇ) ಗುಣಮಟ್ಟದ ವರ್ಗ: ಎಪಿಐ ಎಸ್‌ಪಿ, ಎಸಿಇಎ ಸಿ3 ಇತ್ಯಾದಿ.

ಮೊದಲನೆಯದು ಆಯಿಲ್ ಯಾವುದರಿಂದ ತಯಾರಾಗಿದೆ ಎಂಬುದನ್ನು, ಎರಡನೆಯದು ಅದು ಹೇಗೆ ಹರಿಯುತ್ತದೆ ಎಂಬುದನ್ನು, ಮೂರನೆಯದು ಅದು ಯಾವ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿದೆ ಎಂಬುದನ್ನು ತಿಳಿಸುತ್ತದೆ. ಮೂರೂ ವಾಹನದ ಕೈಪಿಡಿಗೆ ಹೊಂದಿಕೆಯಾದಲ್ಲಿ ಮಾತ್ರ ಆಯಿಲ್ ಸೂಕ್ತವಾದುದೆಂದು ಪರಿಗಣಿಸತಕ್ಕದ್ದು.

3. ಸ್ನಿಗ್ಧತೆ ಎಂದರೇನು?

ದ್ರವವೊಂದು ಹರಿಯುವಾಗ ಅದರೊಳಗೆ ಉಂಟಾಗುವ ತಡೆಯೇ ಸ್ನಿಗ್ಧತೆ. ಹರಳೆಣ್ಣೆ ನಿಧಾನವಾಗಿಯೂ ಕಡಲೆಕಾಯಿ ಎಣ್ಣೆ ಬೇಗನೆಯೂ ಸುರಿಯುವುದು ಎಲ್ಲರೂ ಬಲ್ಲ ಸಂಗತಿ. ಇದೇ ರೀತಿ, ಒಂದೇ ಎಣ್ಣೆಯು ತಣ್ಣಗಿರುವಾಗ ಮಂದವಾಗಿಯೂ ಕಾದಾಗ ತೆಳುವಾಗಿಯೂ ಇರುತ್ತದೆ.

ಇಂಜಿನ್‌ನಲ್ಲಿ ಆಯಿಲ್ ಎರಡು ಸ್ಥಿತಿಗಳಲ್ಲಿ ಕೆಲಸ ಮಾಡಬೇಕಾಗುತ್ತದೆ. ಮುಂಜಾನೆ ಇಂಜಿನ್ ಚಾಲೂ ಮಾಡಿದ ಕೂಡಲೇ ಅದು ತಳದ ತೊಟ್ಟಿಯಿಂದ ಮೇಲಿನ ವಾಲ್ವುಗಳವರೆಗೆ ಬೇಗನೆ ತಲುಪಬೇಕು. ಇಂಜಿನ್ ಪೂರ್ಣ ಕಾದ ನಂತರ ಬೇರಿಂಗುಗಳ ನಡುವೆ ಲೋಹಕ್ಕೆ ಲೋಹ ತಾಗದಂತೆ ಪದರವಾಗಿ ನಿಲ್ಲಬೇಕು. ಹೆಚ್ಚು ಗಟ್ಟಿಯಿದ್ದರೆ ಮೊದಲನೆಯ ಕೆಲಸಕ್ಕೆ ತೊಡಕು. ಹೆಚ್ಚು ತೆಳುವಿದ್ದರೆ ಎರಡನೆಯದಕ್ಕೆ ತೊಡಕು. ಆದ್ದರಿಂದಲೇ ಗ್ರೇಡ್‌ನಲ್ಲಿ ಎರಡು ಸಂಖ್ಯೆಗಳಿರುತ್ತವೆ.

4. ಎರಡು ಸಂಖ್ಯೆಗಳ ಅರ್ಥ

ಈ ಶ್ರೇಣಿಗಳನ್ನು ಅಮೆರಿಕದಲ್ಲಿ 1905ರಲ್ಲಿ ಸ್ಥಾಪನೆಗೊಂಡ ವಾಹನ ಇಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇ, ತನ್ನ ಜೆ300 ಎಂಬ ಮಾನಕದಲ್ಲಿ ನಿಗದಿಪಡಿಸಿರುತ್ತದೆ.

'ಡಬ್ಲ್ಯೂ' ಅಕ್ಷರವು ಚಳಿಗಾಲ ಎಂಬರ್ಥದ 'ವಿಂಟರ್' ಪದದ ಮೊದಲಕ್ಷರವಾಗಿರುತ್ತದೆ. ಅದರ ಹಿಂದಿನ ಸಂಖ್ಯೆಯು ಕೊರೆಯುವ ಚಳಿಯಲ್ಲಿ ಇಂಜಿನ್ ತಿರುಗಿಸಲು ಆಯಿಲ್ ಎಷ್ಟು ಅನುವು ಮಾಡಿಕೊಡುತ್ತದೆ ಎಂಬುದರ ಸೂಚಕ. ಈ ಪರೀಕ್ಷೆಯನ್ನು 0ಡಬ್ಲ್ಯೂ ಆಯಿಲ್‌ಗೆ ಸೊನ್ನೆಗಿಂತ 35 ಡಿಗ್ರಿ ಸೆಲ್ಸಿಯಸ್ ಕೆಳಗೆ, 5ಡಬ್ಲ್ಯೂಗೆ 30 ಡಿಗ್ರಿ ಕೆಳಗೆ, 10ಡಬ್ಲ್ಯೂಗೆ 25 ಡಿಗ್ರಿ ಕೆಳಗೆ, 15ಡಬ್ಲ್ಯೂಗೆ 20 ಡಿಗ್ರಿ ಕೆಳಗೆ ಹಾಗೂ 20ಡಬ್ಲ್ಯೂಗೆ 15 ಡಿಗ್ರಿ ಕೆಳಗೆ ನಡೆಸಲಾಗುತ್ತದೆ.

ಎರಡನೆಯ ಸಂಖ್ಯೆಯು ಇಂಜಿನ್ ಕಾದಿರುವಾಗ, ಅಂದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆಯಿಲ್‌ನ ಸ್ನಿಗ್ಧತೆಯನ್ನು ಸೂಚಿಸುತ್ತದೆ. ಇದರೊಂದಿಗೆ, 150 ಡಿಗ್ರಿ ಉಷ್ಣತೆಯಲ್ಲಿ ವೇಗವಾಗಿ ತಿರುಗುವ ಭಾಗಗಳ ನಡುವೆ ಸಿಲುಕಿದಾಗಲೂ ಉಳಿಯಬೇಕಾದ ಕನಿಷ್ಠ ಸ್ನಿಗ್ಧತೆಯನ್ನು ಮಾನಕವು ಗೊತ್ತುಪಡಿಸಿದೆ. ಇಂಜಿನ್‌ಗೆ ದೊರೆಯುವ ರಕ್ಷಣೆಯನ್ನು ಅಳೆಯಲು ಈ ಎರಡನೆಯ ಅಳತೆಯೇ ಹೆಚ್ಚು ಹತ್ತಿರದ್ದು.

5. ಬಿಸಿ ಸ್ಥಿತಿಯ ಶ್ರೇಣಿಗಳ ತುಲನಾ ಪಟ್ಟಿ

(ಮೊದಲ ಅಂಕಿ: 100 ಡಿಗ್ರಿಯಲ್ಲಿ ಸ್ನಿಗ್ಧತೆ, ಸೆಂಟಿಸ್ಟೋಕ್‌ಗಳಲ್ಲಿ. ಎರಡನೆಯ ಅಂಕಿ: 150 ಡಿಗ್ರಿಯಲ್ಲಿ ಕನಿಷ್ಠ ಸ್ನಿಗ್ಧತೆ, ಮಿಲಿಪ್ಯಾಸ್ಕಲ್-ಸೆಕೆಂಡ್‌ಗಳಲ್ಲಿ.)

ಶ್ರೇಣಿ 16: 6.1ರಿಂದ 8.2ರೊಳಗೆ, 2.3
ಶ್ರೇಣಿ 20: 6.9ರಿಂದ 9.3ರೊಳಗೆ, 2.6
ಶ್ರೇಣಿ 30: 9.3ರಿಂದ 12.5ರೊಳಗೆ, 2.9
ಶ್ರೇಣಿ 40: 12.5ರಿಂದ 16.3ರೊಳಗೆ, 0ಡಬ್ಲ್ಯೂ, 5ಡಬ್ಲ್ಯೂ ಮತ್ತು 10ಡಬ್ಲ್ಯೂ ಜೊತೆಗಿದ್ದಲ್ಲಿ 3.5, 15ಡಬ್ಲ್ಯೂ ಮತ್ತು 20ಡಬ್ಲ್ಯೂ ಜೊತೆಗಿದ್ದಲ್ಲಿ 3.7
ಶ್ರೇಣಿ 50: 16.3ರಿಂದ 21.9ರೊಳಗೆ; 3.7

ಮೇಲ್ಕಂಡ ಪಟ್ಟಿಯಿಂದ ತಿಳಿದುಬರುವಂತೆ, ಕಾದ ಇಂಜಿನ್‌ನಲ್ಲಿ 0ಡಬ್ಲ್ಯೂ-40 ಮತ್ತು 5ಡಬ್ಲ್ಯೂ-40 ಒಂದೇ ಶ್ರೇಣಿಯವಾಗಿರುತ್ತವೆ. ಆದರೆ 5ಡಬ್ಲ್ಯೂ-30 ಮತ್ತು 5ಡಬ್ಲ್ಯೂ-40 ಬೇರೆ ಬೇರೆ. ಡಬ್ಬಿಯ ಮೇಲೆ '5ಡಬ್ಲ್ಯೂ' ಎಂಬುದನ್ನು ಮಾತ್ರ ನೋಡಿ ಎರಡೂ ಒಂದೇ ಎಂದು ಭಾವಿಸಬಾರದು.

6. ನಮ್ಮ ಹವಾಮಾನದಲ್ಲಿ ಯಾವ ಸಂಖ್ಯೆ ಮುಖ್ಯ?

ಬೆಂಗಳೂರಿನ ಹವಾಮಾನ ದಾಖಲೆಗಳಲ್ಲಿ ಅತ್ಯಂತ ಕಡಿಮೆ ಉಷ್ಣತೆಯು 13ನೇ ಜನವರಿ 1884ರಂದು ದಾಖಲಾದ 7.8 ಡಿಗ್ರಿ ಸೆಲ್ಸಿಯಸ್. ಅತ್ಯಧಿಕ ಉಷ್ಣತೆಯು 24ನೇ ಏಪ್ರಿಲ್ 2016ರಂದು ದಾಖಲಾದ 39.2 ಡಿಗ್ರಿ. ಸೂಲಿಬೆಲೆಯಂತಹ ಬಯಲು ಗ್ರಾಮಗಳಲ್ಲಿ ಧನುರ್ಮಾಸದ ಮುಂಜಾನೆಯು ನಗರಕ್ಕಿಂತ ತುಸು ಹೆಚ್ಚು ತಣ್ಣಗಿರಬಹುದಾದರೂ, ನೀರು ಹೆಪ್ಪುಗಟ್ಟುವ ಚಳಿ ಇಲ್ಲಿರುವುದಿಲ್ಲ. ಆದ್ದರಿಂದ 20ಡಬ್ಲ್ಯೂ ಆಯಿಲ್ ಇರುವ ಕಾರೂ ಇಲ್ಲಿನ ಚಳಿಗೆ ಚಾಲೂ ಆಗದೇ ನಿಲ್ಲುವುದಿಲ್ಲ. ಚಳಿಯ ಒಂದೇ ಕಾರಣಕ್ಕಾಗಿ 5ಡಬ್ಲ್ಯೂ ಬಿಟ್ಟು 0ಡಬ್ಲ್ಯೂಗೆ ಹೆಚ್ಚಿನ ಬೆಲೆ ತೆರುವ ಅವಶ್ಯಕತೆ ಈ ಪ್ರದೇಶದಲ್ಲಿ ಇರುವುದಿಲ್ಲ. ಕೈಪಿಡಿಯಲ್ಲಿಯೇ 0ಡಬ್ಲ್ಯೂ ಎಂದು ನಮೂದಿಸಿದ್ದಲ್ಲಿ ಮಾತ್ರ ಅದನ್ನೇ ಬಳಸತಕ್ಕದ್ದು.

ಹಾಗೆಂದು ಮೊದಲ ಸಂಖ್ಯೆ ಸಂಪೂರ್ಣ ನಿರರ್ಥಕವಲ್ಲ. 40 ಡಿಗ್ರಿ ಉಷ್ಣತೆಯಲ್ಲಿ 0ಡಬ್ಲ್ಯೂ-20 ಆಯಿಲ್‌ನ ಸ್ನಿಗ್ಧತೆ ಸಾಮಾನ್ಯವಾಗಿ ಸುಮಾರು 45 ಸೆಂಟಿಸ್ಟೋಕ್, 5ಡಬ್ಲ್ಯೂ-30ರದ್ದು ಸುಮಾರು 65, 15ಡಬ್ಲ್ಯೂ-40ರದ್ದು ಸುಮಾರು 110, 20ಡಬ್ಲ್ಯೂ-50ರದ್ದು ಸುಮಾರು 160 ಇರುತ್ತದೆ. ಅಂದರೆ ಯಾವುದೇ ಆಯಿಲ್ ತಣ್ಣಗಿರುವಾಗ ತಾನು ಕಾದಿರುವಾಗಿನದಕ್ಕಿಂತ ಹಲವು ಪಟ್ಟು ಗಟ್ಟಿಯಾಗಿರುತ್ತದೆ. 'ಸೊನ್ನೆ' ಎಂಬ ಅಂಕಿಯನ್ನು ಕಂಡು ಆಯಿಲ್ ನೀರಿನಂತಿದೆ ಎಂದು ಹೆದರಬೇಕಾಗಿಲ್ಲ.

ಬಿಸಿಲಿನ ವಿಷಯವೂ ಇದೇ ರೀತಿ. ಇಂಜಿನ್‌ನ ಥರ್ಮೋಸ್ಟಾಟ್ ತಂಪುಕಾರಕ ನೀರನ್ನು ಸುಮಾರು 90 ಡಿಗ್ರಿಯ ಆಸುಪಾಸಿನಲ್ಲಿ ಕಾಯ್ದುಕೊಳ್ಳುತ್ತದೆ. ಹೊರಗೆ 25 ಡಿಗ್ರಿ ಇದ್ದರೂ 38 ಡಿಗ್ರಿ ಇದ್ದರೂ ಕಾದ ಇಂಜಿನ್‌ನೊಳಗಿನ ಸ್ಥಿತಿ ಬಹಳ ಬದಲಾಗುವುದಿಲ್ಲ. ಆಯಿಲ್ ಹೆಚ್ಚು ಕಾಯುವುದು ಬಿಸಿಲಿಗಿಂತ ಹೆಚ್ಚಾಗಿ ಭಾರಕ್ಕೆ: ಪೂರ್ಣ ಪ್ರಯಾಣಿಕರೊಂದಿಗೆ ನಂದಿಬೆಟ್ಟದ ಏರು ಹತ್ತುವುದು, ಹೆದ್ದಾರಿಯಲ್ಲಿ ದೀರ್ಘಕಾಲ ಅತಿವೇಗದಲ್ಲಿ ಚಲಿಸುವುದು ಮುಂತಾದವು. ಇಂತಹ ಬಳಕೆಗೆ ಕೆಲವು ಕೈಪಿಡಿಗಳಲ್ಲಿ ಪರ್ಯಾಯ ಗ್ರೇಡ್ ನೀಡಲಾಗಿರುತ್ತದೆ. ಅದನ್ನು ಬಳಸಲು ಅಡ್ಡಿಯಿಲ್ಲ. ಕೈಪಿಡಿಯಲ್ಲಿ ಇಲ್ಲದ ಗ್ರೇಡನ್ನು ಮಾತ್ರ ಬಳಸಬಾರದು.

ಸಂಗ್ರಹವಾಗಿ ಹೇಳುವುದಾದರೆ, ಈ ಪ್ರದೇಶದಲ್ಲಿ ಮೊದಲ ಸಂಖ್ಯೆಯಲ್ಲಿನ ವ್ಯತ್ಯಾಸ ಸಣ್ಣದು. ಎರಡನೆಯ ಸಂಖ್ಯೆಯಲ್ಲಿನ ವ್ಯತ್ಯಾಸ ದೊಡ್ಡದು.

7. ಗ್ರೇಡ್ ತಪ್ಪಿದಲ್ಲಿ ಆಗುವುದೇನು?

ತೆಳು ಆಯಿಲ್‌ಗಾಗಿ ವಿನ್ಯಾಸಗೊಂಡ ಹೊಸ ಇಂಜಿನ್‌ಗೆ 20ಡಬ್ಲ್ಯೂ-50 ಹಾಕಿದಲ್ಲಿ, ಕಿರಿದಾದ ಆಯಿಲ್ ಮಾರ್ಗಗಳಲ್ಲಿ ಅದು ನಿಧಾನವಾಗಿ ಸಾಗುತ್ತದೆ. ವಾಲ್ವುಗಳು ತೆರೆಯುವ ಸಮಯವನ್ನು ಬದಲಿಸುವ ವ್ಯವಸ್ಥೆಯು ಆಯಿಲ್‌ನ ಒತ್ತಡದಿಂದಲೇ ಕೆಲಸ ಮಾಡುವುದರಿಂದ ಅದರ ಸ್ಪಂದನವೂ ನಿಧಾನವಾಗುತ್ತದೆ. ಇಂಧನದ ವ್ಯಯವೂ ಹೆಚ್ಚುತ್ತದೆ.

ಇದಕ್ಕೆ ವಿರುದ್ಧವಾಗಿ, ಗಟ್ಟಿ ಆಯಿಲ್‌ಗಾಗಿ ವಿನ್ಯಾಸಗೊಂಡ ಅಥವಾ ಸವೆದ ಹಳೆಯ ಇಂಜಿನ್‌ಗೆ 0ಡಬ್ಲ್ಯೂ-20 ಹಾಕಿದಲ್ಲಿ ಆಯಿಲ್ ಒತ್ತಡ ಕುಸಿಯಬಹುದು; ಪಿಸ್ಟನ್ ರಿಂಗುಗಳ ಮೂಲಕ ಆಯಿಲ್ ಮೇಲೇರಿ ಉರಿದು ಹೊಗೆಕೊಳವೆಯಿಂದ ನೀಲಿ ಹೊಗೆ ಬರಬಹುದು. ಖಾತರಿ ಅವಧಿಯಲ್ಲಿರುವ ವಾಹನಕ್ಕೆ ಕೈಪಿಡಿಗೆ ವಿರುದ್ಧವಾದ ಆಯಿಲ್ ಬಳಸಿದ್ದಲ್ಲಿ ಇಂಜಿನ್ ದುರಸ್ತಿಯ ಕ್ಲೇಮು ವಿವಾದಕ್ಕೆ ಒಳಗಾಗುವ ಸಂಭವವಿರುತ್ತದೆ.

8. ಸಿಂಥೆಟಿಕ್ ಎಂಬ ಪದದ ವ್ಯಾಪ್ತಿ

ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದರೆ ಎಪಿಐ, ಮೂಲ ಎಣ್ಣೆಗಳನ್ನು 5 ಗುಂಪುಗಳಾಗಿ ವಿಂಗಡಿಸಿದೆ. 1 ಮತ್ತು 2ನೇ ಗುಂಪಿನವು ಸಾಮಾನ್ಯವಾಗಿ ಮಿನರಲ್ ಎನಿಸಿಕೊಳ್ಳುತ್ತವೆ. 3ನೇ ಗುಂಪು ಕಚ್ಚಾ ತೈಲದಿಂದಲೇ ಬಂದರೂ ಜಲಜನಕದ ನೆರವಿನಿಂದ ತೀವ್ರವಾಗಿ ಸಂಸ್ಕರಿಸಲ್ಪಟ್ಟದ್ದು. 4ನೇ ಗುಂಪು ರಾಸಾಯನಿಕವಾಗಿ ಜೋಡಿಸಲ್ಪಟ್ಟ ಪಾಲಿ ಆಲ್ಫಾ ಓಲಿಫಿನ್. ಉಳಿದವು 5ನೇ ಗುಂಪಿಗೆ ಸೇರುತ್ತವೆ. 3ನೇ ಗುಂಪಿನ ಎಣ್ಣೆಯನ್ನೂ ಸಿಂಥೆಟಿಕ್ ಎಂದು ಕರೆಯಬಹುದೆಂದು ಅಮೆರಿಕದ ಜಾಹೀರಾತು ಪರಿಶೀಲನಾ ಸಂಸ್ಥೆಯು 1999ರಲ್ಲಿ ಅಭಿಪ್ರಾಯಪಟ್ಟಿತು. ಆದಕಾರಣ ಸಿಂಥೆಟಿಕ್ ಎಂದು ಮುದ್ರಿತವಾದ ಎಲ್ಲ ಡಬ್ಬಿಗಳಲ್ಲಿ ಒಂದೇ ಬಗೆಯ ಮೂಲ ಎಣ್ಣೆ ಇರುವುದೆಂದು ಭಾವಿಸಲಾಗದು.

ಸಿಂಥೆಟಿಕ್ ಆಯಿಲ್ ಹೆಚ್ಚಿನ ಉಷ್ಣತೆಯಲ್ಲಿ ಬೇಗನೆ ಕೆಡುವುದಿಲ್ಲ, ಕಡಿಮೆ ಆವಿಯಾಗುತ್ತದೆ ಮತ್ತು ಉಷ್ಣತೆ ಬದಲಾದಂತೆ ಅದರ ಸ್ನಿಗ್ಧತೆ ಕಡಿಮೆ ಬದಲಾಗುತ್ತದೆ. 0ಡಬ್ಲ್ಯೂ ಶ್ರೇಣಿಯ ಆಯಿಲ್ ತಯಾರಿಸಲು ಈ ಗುಣ ಅಗತ್ಯವಾದ್ದರಿಂದ ಆ ಶ್ರೇಣಿಯಲ್ಲಿ ಮಿನರಲ್ ಆಯ್ಕೆ ಪ್ರಾಯೋಗಿಕವಾಗಿ ಇರುವುದಿಲ್ಲ.

9. ಗುಣಮಟ್ಟದ ವರ್ಗ

ಪೆಟ್ರೋಲ್ ಕಾರುಗಳಿಗೆ ಎಪಿಐ 'ಎಸ್' ಸರಣಿಯ ವರ್ಗಗಳು ಅನ್ವಯವಾಗುತ್ತವೆ. ಎಸ್‌ಪಿ ವರ್ಗವು ಮೇ 2020ರಲ್ಲಿಯೂ ಎಸ್‌ಕ್ಯೂ ವರ್ಗವು ಮಾರ್ಚ್ 2025ರಲ್ಲಿಯೂ ಜಾರಿಗೆ ಬಂದವು. ಕೈಪಿಡಿಯಲ್ಲಿ ಎಸ್‌ಎನ್ ಎಂದಿದ್ದಲ್ಲಿ ಅದೇ ಗ್ರೇಡ್‌ನ ಎಸ್‌ಪಿ ಅಥವಾ ಎಸ್‌ಕ್ಯೂ ಬಳಸಬಹುದು. ಹೊಸದನ್ನು ಕೇಳಿರುವ ಕಾರಿಗೆ ಹಳೆಯ ವರ್ಗದ ಆಯಿಲ್ ಬಳಸಬಾರದು. ಟರ್ಬೊ ಪೆಟ್ರೋಲ್ ಇಂಜಿನ್‌ಗಳಲ್ಲಿ ಕಡಿಮೆ ವೇಗದಲ್ಲಿ ಇಂಧನವು ಅಕಾಲದಲ್ಲಿ ಹೊತ್ತಿಕೊಂಡು ಪಿಸ್ಟನ್‌ಗೆ ಹಾನಿಯಾಗುವುದನ್ನು ತಡೆಯುವ ಪರೀಕ್ಷೆಯು ಎಸ್‌ಪಿ ವರ್ಗದಲ್ಲಿ ಸೇರಿರುತ್ತದೆ.

1ನೇ ಏಪ್ರಿಲ್ 2020ರಿಂದ ಜಾರಿಯಲ್ಲಿರುವ ಬಿಎಸ್-6 ಮಾನದಂಡದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಅಳವಡಿಸಲಾಗಿರುತ್ತದೆ. ಆಯಿಲ್ ಉರಿದಾಗ ಉಳಿಯುವ ಬೂದಿ ಈ ಫಿಲ್ಟರ್‌ನಲ್ಲಿ ಶಾಶ್ವತವಾಗಿ ತುಂಬಿಕೊಳ್ಳುವುದರಿಂದ, ಇಂತಹ ಕಾರುಗಳಿಗೆ ಎಸಿಇಎ ಸಿ2, ಸಿ3 ಮುಂತಾದ ಕಡಿಮೆ ಬೂದಿಯ ವರ್ಗದ ಆಯಿಲ್ ನಿಗದಿಪಡಿಸಲಾಗಿರುತ್ತದೆ. ಇಲ್ಲಿ 5ಡಬ್ಲ್ಯೂ-30 ಎಂಬ ಗ್ರೇಡ್ ಹೊಂದಿಕೆಯಾದರೆ ಸಾಲದು, ವರ್ಗವೂ ಹೊಂದಿಕೆಯಾಗಬೇಕು.

10. ವೆಚ್ಚದ ತುಲನೆ

ಕೆಳಕಂಡ ದರಗಳು ಲೆಕ್ಕದ ಕ್ರಮವನ್ನು ತೋರಿಸಲು ಮಾತ್ರ ಊಹಿಸಿದವು. ಗ್ರಾಹಕರು ತಮ್ಮ ಊರಿನ ದರಗಳನ್ನು ಹಾಕಿಕೊಂಡು ಲೆಕ್ಕ ಮಾಡತಕ್ಕದ್ದು.

ಕೈಪಿಡಿಯು ಮಿನರಲ್ ಮತ್ತು ಸಿಂಥೆಟಿಕ್ ಎರಡಕ್ಕೂ ಅವಕಾಶ ನೀಡಿರುವ ಕಾರು ಎಂದಿಟ್ಟುಕೊಳ್ಳೋಣ. ಬೇಕಾಗುವ ಆಯಿಲ್ 3.5 ಲೀಟರ್, ಬದಲಾವಣೆಯ ಅವಧಿ 10,000 ಕಿ.ಮೀ. ಅಥವಾ 1 ವರ್ಷ, ಯಾವುದು ಮೊದಲೋ ಅದು.

ಮಿನರಲ್ ಆಯಿಲ್ (ಲೀಟರಿಗೆ ರೂ. 300): ರೂ. 1,050
ಸಿಂಥೆಟಿಕ್ ಆಯಿಲ್ (ಲೀಟರಿಗೆ ರೂ. 600): ರೂ. 2,100
ವ್ಯತ್ಯಾಸ: ರೂ. 1,050

ವರ್ಷಕ್ಕೆ 10,000 ಕಿ.ಮೀ. ಓಡುವ ಕಾರಿಗೆ ಈ ವ್ಯತ್ಯಾಸ ಕಿ.ಮೀ.ಗೆ 10.5 ಪೈಸೆ; 6,000 ಕಿ.ಮೀ. ಓಡುವ ಕಾರಿಗೆ 17.5 ಪೈಸೆ. ಲೀಟರಿಗೆ 20 ಕಿ.ಮೀ. ಕೊಡುವ ಕಾರು 10,000 ಕಿ.ಮೀ.ಗೆ 500 ಲೀಟರ್ ಇಂಧನ ಬಳಸುತ್ತದೆ. ಶೇ. 1ರಷ್ಟು ಉಳಿತಾಯವಾದರೆ 5 ಲೀಟರ್, ಲೀಟರಿಗೆ ರೂ. 100ರಂತೆ ರೂ. 500. ಅಂದರೆ ಹೆಚ್ಚುವರಿ ವೆಚ್ಚದ ಸುಮಾರು ಅರ್ಧಭಾಗ ಹಿಂದಿರುಗುತ್ತದೆ. ಉಳಿದರ್ಧವು ಇಂಜಿನ್‌ನ ರಕ್ಷಣೆಗೆ ತೆತ್ತ ಬೆಲೆ.

ಸಿಂಥೆಟಿಕ್ ಹಾಕಿಸಿದ ಕಾರಣಕ್ಕಾಗಿ ಬದಲಾವಣೆಯ ಅವಧಿಯನ್ನು ಗ್ರಾಹಕರು ತಾವಾಗಿಯೇ ವಿಸ್ತರಿಸಬಾರದು. ಊರೊಳಗೆ 2-3 ಕಿ.ಮೀ. ಮಾತ್ರ ಓಡುವ ಕಾರಿನಲ್ಲಿ ಇಂಜಿನ್ ಪೂರ್ಣ ಕಾಯುವುದಿಲ್ಲ; ನೀರಿನ ಅಂಶ ಹಾಗೂ ಉರಿಯದ ಇಂಧನ ಆಯಿಲ್‌ನಲ್ಲಿಯೇ ಉಳಿಯುತ್ತವೆ. ಮಣ್ಣು ರಸ್ತೆಯ ಧೂಳೂ ಹಾನಿಕರ. ಇಂತಹ ಕಠಿಣ ಬಳಕೆಗೆ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಡಿಮೆ ಅವಧಿಯನ್ನೇ ಸೂಚಿಸಲಾಗಿರುತ್ತದೆ. ಕಡಿಮೆ ಓಡುವ ಕಾರು ಎಂದು ಆಯಿಲ್ ಬದಲಾವಣೆಯನ್ನು ಮುಂದೂಡುವುದು ಸರಿಯಲ್ಲ.

11. ಖರೀದಿಸುವಾಗ ಗಮನಿಸಬೇಕಾದ ಅಂಶಗಳು

ಅ) ಕೈಪಿಡಿಯಲ್ಲಿನ ಗ್ರೇಡ್ ಮತ್ತು ವರ್ಗವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುವುದು.
ಆ) ಮೊಹರು ಒಡೆಯದ ಡಬ್ಬಿಯನ್ನೇ ಖರೀದಿಸಿ ತಮ್ಮ ಎದುರಿನಲ್ಲಿಯೇ ತೆರೆಸುವುದು. ಬಿಡಿ ಆಯಿಲ್ ಹಾಕಿಸದಿರುವುದು.
ಇ) ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳು) ನಿಯಮಗಳು, 2011ರಂತೆ ಡಬ್ಬಿಯ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ನಿವ್ವಳ ಪ್ರಮಾಣ, ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆಗಳನ್ನು ಒಳಗೊಂಡ ಗರಿಷ್ಠ ಮಾರಾಟ ಬೆಲೆ ಹಾಗೂ ಗ್ರಾಹಕರ ದೂರಿಗಾಗಿ ಸಂಪರ್ಕ ವಿವರ ಇರುವುದನ್ನು ಖಚಿತಪಡಿಸಿಕೊಳ್ಳುವುದು. ಮುದ್ರಿತ ಬೆಲೆಗಿಂತ ಹೆಚ್ಚು ಪಡೆಯುವಂತಿಲ್ಲ.
ಈ) ಗ್ರೇಡ್, ವರ್ಗ, ಪ್ರಮಾಣ ಹಾಗೂ ವಾಹನದ ನೋಂದಣಿ ಸಂಖ್ಯೆ ನಮೂದಿಸಿದ ಬಿಲ್ಲನ್ನು ಕೇಳಿ ಪಡೆಯುವುದು. ಖಾತರಿಗೆ ಸಂಬಂಧಿಸಿದ ವಿವಾದದಲ್ಲಿ ಇದು ಮಹತ್ವದ ದಾಖಲೆ.
ಉ) ಖಾಲಿ ಡಬ್ಬಿಗೆ ರಂಧ್ರ ಮಾಡಿ ವಿಲೇವಾರಿ ಮಾಡುವುದು. ಇದರಿಂದ ನಕಲಿ ಆಯಿಲ್ ತುಂಬಲು ಅದು ಮರುಬಳಕೆಯಾಗುವುದನ್ನು ತಪ್ಪಿಸಬಹುದು.

12. ದೂರು ಸಲ್ಲಿಸುವ ವಿಧಾನ

ಪ್ರಮಾಣದಲ್ಲಿ ಕೊರತೆ, ಮುದ್ರಿತ ಬೆಲೆಗಿಂತ ಹೆಚ್ಚಿನ ವಸೂಲಿ ಅಥವಾ ಡಬ್ಬಿಯ ಮೇಲೆ ಕಡ್ಡಾಯ ವಿವರಗಳ ಲೋಪ ಕಂಡುಬಂದಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆಯ ಸಂಬಂಧಪಟ್ಟ ಅಧಿಕಾರಿಗಳಿಗೆ ದೂರು ನೀಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ದೋಷಪೂರಿತ ಸರಕು ಅಥವಾ ಸೇವೆಯಿಂದ ನಷ್ಟ ಉಂಟಾದಲ್ಲಿ ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರಡಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಮಾರಾಟಗಾರರು ಬೇರೆ ಜಿಲ್ಲೆಯವರಾದರೂ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ದಾಖಲಿಸಲು ಅವಕಾಶವಿರುತ್ತದೆ. ಪಾವತಿಸಿದ ಮೊತ್ತ ರೂ. 5 ಲಕ್ಷದವರೆಗೆ ಇದ್ದಲ್ಲಿ ಶುಲ್ಕವಿರುವುದಿಲ್ಲ. ದೂರಿಗೆ ಕಾರಣ ಉಂಟಾದ ದಿನಾಂಕದಿಂದ 2 ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು. ಬಿಲ್ಲು, ಡಬ್ಬಿಯ ಛಾಯಾಚಿತ್ರ, ಸರ್ವಿಸ್ ದಾಖಲೆ ಹಾಗೂ ಮೆಕ್ಯಾನಿಕ್‌ರವರ ಲಿಖಿತ ವರದಿಯನ್ನು ಲಗತ್ತಿಸುವುದು ಸೂಕ್ತ. 2025ರ ಜನವರಿಯಿಂದ ಕಾರ್ಯಾರಂಭ ಮಾಡಿರುವ ಇ-ಜಾಗೃತಿ ಜಾಲತಾಣದ ಮೂಲಕವೂ ದೂರು ಸಲ್ಲಿಸಬಹುದಾಗಿದೆ.

13. ಬಳಸಿದ ಆಯಿಲ್‌ನ ವಿಲೇವಾರಿ

ಬಳಸಿದ ಆಯಿಲ್ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳು, 2016ರ ವ್ಯಾಪ್ತಿಗೆ ಒಳಪಟ್ಟಿರುತ್ತದೆ. 1ನೇ ಏಪ್ರಿಲ್ 2024ರಿಂದ ಬಳಸಿದ ಆಯಿಲ್‌ನ ಮರುಸಂಸ್ಕರಣೆಯ ಹೊಣೆಯನ್ನು ಉತ್ಪಾದಕರ ಮೇಲೆಯೂ ವಿಧಿಸಲಾಗಿದೆ. ನಂದಿಬೆಟ್ಟದ ಕಡೆಯಿಂದ ಹರಿದುಬರುವ ದಕ್ಷಿಣ ಪಿನಾಕಿನಿಯು ಹೊಸಕೋಟೆ ತಾಲ್ಲೂಕನ್ನು ಹಾಯ್ದು ಹೋಗುತ್ತದೆ. ಇಲ್ಲಿನ ಬೇಸಾಯ ಹಾಗೂ ಕುಡಿಯುವ ನೀರು ಕೆರೆ ಮತ್ತು ಕೊಳವೆಬಾವಿಗಳನ್ನು ಬಹುವಾಗಿ ಅವಲಂಬಿಸಿರುತ್ತದೆ. ಆದ್ದರಿಂದ ಬಳಸಿದ ಆಯಿಲನ್ನು ಚರಂಡಿಗೆ ಸುರಿಯುವುದು, ಧೂಳು ಅಡಗಿಸಲು ಅಂಗಳಕ್ಕೆ ಚಿಮುಕಿಸುವುದು, ಗೆದ್ದಲು ತಡೆಯಲು ಬೇಲಿಕಂಬಗಳಿಗೆ ಬಳಿಯುವುದು ಸಲ್ಲದು. ಅದನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಸಂಗ್ರಹಿಸಿ, ಅಧಿಕೃತ ಮರುಸಂಸ್ಕರಣಾಕಾರರಿಗೆ ಕಳುಹಿಸುವ ಸರ್ವಿಸ್ ಕೇಂದ್ರಕ್ಕೆ ನೀಡತಕ್ಕದ್ದು.

14. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಆಯಿಲ್ ಕಪ್ಪಾದರೆ ಕೆಟ್ಟಿದೆ ಎಂದರ್ಥವೇ?
ಉತ್ತರ: ಅಲ್ಲ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು ಆಯಿಲ್‌ನ ಕೆಲಸಗಳಲ್ಲೊಂದು. ಡೀಸೆಲ್ ಕಾರಿನಲ್ಲಿ ಹೊಸ ಆಯಿಲ್ ಕೂಡ ಬೇಗನೆ ಕಪ್ಪಾಗುತ್ತದೆ. ಕೈಪಿಡಿಯ ಅವಧಿಯನ್ನೇ ಅನುಸರಿಸುವುದು.

ಪ್ರಶ್ನೆ: ದಾರಿಯಲ್ಲಿ ಆಯಿಲ್ ಕಡಿಮೆಯಾಗಿ, ಅದೇ ಗ್ರೇಡ್ ಸಿಗದಿದ್ದಲ್ಲಿ?
ಉತ್ತರ: ಆಯಿಲ್ ಇಲ್ಲದೇ ಓಡಿಸುವುದಕ್ಕಿಂತ ಹತ್ತಿರದ ಗ್ರೇಡ್‌ನ ಕಾರು ಇಂಜಿನ್ ಆಯಿಲನ್ನು ಅಗತ್ಯವಿದ್ದಷ್ಟು ಸೇರಿಸುವುದು ಮೇಲು. ನಂತರ ಶೀಘ್ರವೇ ಸರಿಯಾದ ಆಯಿಲ್‌ಗೆ ಬದಲಾಯಿಸುವುದು.

ಪ್ರಶ್ನೆ: ಆಯಿಲ್ ಮಟ್ಟವನ್ನು ನೋಡುವುದು ಹೇಗೆ?
ಉತ್ತರ: ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಇಂಜಿನ್ ಆರಿಸಿ ಕೆಲವು ನಿಮಿಷಗಳ ನಂತರ ಡಿಪ್‌ಸ್ಟಿಕ್ ಒರೆಸಿ ಮತ್ತೆ ಇಳಿಸಿ ನೋಡುವುದು. ಮಟ್ಟವು ಎರಡು ಗುರುತುಗಳ ನಡುವೆ ಇರಬೇಕು. ಮೇಲಿನ ಗುರುತನ್ನು ಮೀರಿ ತುಂಬುವುದೂ ಹಾನಿಕರ.

ಪ್ರಶ್ನೆ: 15 ವರ್ಷ ಹಳೆಯ ಕಾರಿಗೆ ಸಿಂಥೆಟಿಕ್ ಹಾಕಬಹುದೇ?
ಉತ್ತರ: ಕೈಪಿಡಿಯ ಗ್ರೇಡ್‌ನಲ್ಲಿಯೇ ಸಿಂಥೆಟಿಕ್ ದೊರೆತಲ್ಲಿ ಹಾಕಬಹುದು. ಸಿಂಥೆಟಿಕ್ ಎಂಬ ಕಾರಣಕ್ಕೆ ಗ್ರೇಡನ್ನು ತೆಳುವಾಗಿಸಬಾರದು.

15. ಮುಕ್ತಾಯ

ಕೈಪಿಡಿಯಲ್ಲಿನ ಗ್ರೇಡ್ ಮೊದಲು, ವರ್ಗ ನಂತರ, ಸಿಂಥೆಟಿಕ್ ಅಥವಾ ಮಿನರಲ್ ಎಂಬ ಆಯ್ಕೆ ಕೊನೆಗೆ: ಈ ಕ್ರಮದಲ್ಲಿ ವಿಚಾರಿಸಿ ಖರೀದಿಸಿದಲ್ಲಿ ಅನಗತ್ಯ ವೆಚ್ಚವನ್ನೂ ಇಂಜಿನ್ ಹಾನಿಯನ್ನೂ ತಪ್ಪಿಸಬಹುದಾಗಿರುತ್ತದೆ. ಕೈಪಿಡಿ ಕಳೆದುಹೋಗಿದ್ದಲ್ಲಿ ತಯಾರಕರ ಜಾಲತಾಣ ಅಥವಾ ಅಧಿಕೃತ ಸರ್ವಿಸ್ ಕೇಂದ್ರದಿಂದ ತಮ್ಮ ಮಾದರಿಯ ಮಾಹಿತಿಯನ್ನು ಪಡೆಯುವುದು. ವಾಹನ ಮಾಲೀಕರು ಹಾಗೂ ಚಾಲಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.